ಪಾಠಕ್ಕೆ ಮೊದಲೇ ಪರೀಕ್ಷೆ

ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಸಿಡ್ನಿ ವೈನ್‌ಬರ್ಗ್ ಎಂಬ ಹುಡುಗನಿಗೆ 1907ರಲ್ಲಿ ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯಲ್ಲಿ ಸಿಕ್ಕಿದ್ದು ಕಸ ಗುಡಿಸುವವನ ಸಹಾಯಕನ ಕೆಲಸ. ಪೀಕದಾನಿ ತೊಳೆಯುವುದು, ಪಾಲುದಾರರ ಹ್ಯಾಟುಗಳ ಧೂಳು ಒರೆಸುವುದು ಅವನ ದಿನಚರಿ. ಅದೇ ಹುಡುಗ 1930ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥನಾದ. 1969ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದ. ಹಣಕಾಸಿನ ಗಂಧಗಾಳಿಯೂ ಇಲ್ಲದೆ ಬಂದವನು ಬೇಕಾದದ್ದನ್ನೆಲ್ಲ ಒಳಗಿದ್ದೇ ಕಲಿತ.

ಇಂದು ವಾಲ್ ಸ್ಟ್ರೀಟಿನ ಇಂಥ ಸಂಸ್ಥೆಗೆ ಸೇರಬಯಸುವ ಅಮೆರಿಕದ ಕಾಲೇಜು ವಿದ್ಯಾರ್ಥಿಯ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಪದವಿಗೆ ನಾಲ್ಕು ವರ್ಷ. ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲಿ ಸುಮಾರು ಹತ್ತು ವಾರಗಳ ಇಂಟರ್ನ್‌ಷಿಪ್, ಅಂದರೆ ಸಂಬಳ ಸಹಿತದ ತರಬೇತಿ ಕೆಲಸ. ಅದರಲ್ಲಿ ಮೆಚ್ಚುಗೆ ಪಡೆದವರಿಗೆ ಪದವಿಯ ನಂತರದ ನೌಕರಿ. ಆದರೆ ಆ ಬೇಸಿಗೆಗೆ ಅರ್ಜಿ ಹಾಕಬೇಕಾದದ್ದು ಎರಡನೆಯ ವರ್ಷದ ಚಳಿಗಾಲದಲ್ಲಿಯೇ, ಸುಮಾರು ಒಂದೂವರೆ ವರ್ಷ ಮುಂಚಿತವಾಗಿ. ಆಗ ವಿದ್ಯಾರ್ಥಿಯ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಲೆಕ್ಕಶಾಸ್ತ್ರದ ಒಂದು ಪತ್ರಿಕೆ ಓದಿ ಮುಗಿಸಿದ್ದರೆ ಅದೇ ಹೆಚ್ಚು.

ಈ ಆತುರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇಲ್ಲಿ ಹೇಳುತ್ತಿರುವುದು ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳ ವಿಷಯ. ಕಂಪೆನಿಗಳ ಷೇರು, ಸಾಲಪತ್ರಗಳನ್ನು ಮಾರಿಕೊಡುವುದು, ಒಂದು ಕಂಪೆನಿ ಇನ್ನೊಂದನ್ನು ಕೊಳ್ಳುವಾಗ ಸಲಹೆ ಕೊಡುವುದು ಇವುಗಳ ಕಸುಬು. ಠೇವಣಿ ಪಡೆಯುವ ಬ್ಯಾಂಕುಗಳಿಂದ ಇವನ್ನು 1933ರ ಗ್ಲಾಸ್-ಸ್ಟೀಗಲ್ ಕಾನೂನು ಬೇರ್ಪಡಿಸಿತು. ಬಹುಕಾಲ ಇವು ಪಾಲುದಾರಿಕೆಯ ಸಣ್ಣ ಮನೆತನಗಳಂತೆ ನಡೆದವು. ಹೊಸಬರು ಬರುತ್ತಿದ್ದುದು ನೆಂಟಸ್ತಿಕೆ, ಪರಿಚಯಗಳ ಮೂಲಕ. 1975ರ ಮೇ 1ರಂದು ಷೇರು ದಲ್ಲಾಳಿಗಳ ನಿಗದಿತ ಕಮಿಷನ್ ರದ್ದಾಗಿ ಪೈಪೋಟಿ ಬಿರುಸಾಯಿತು. 1980ರ ದಶಕದಲ್ಲಿ ಕಂಪೆನಿಗಳನ್ನು ಕೊಳ್ಳುವ ಭರಾಟೆ ಎದ್ದಿತು. ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ ಬಂತು: 1979ರಲ್ಲಿ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್. ರಾತ್ರಿಯಿಡೀ ಕುಳಿತು ಅಂಕಿಗಳನ್ನು ತಿರುವಿ ಮುರುವಿ ನೋಡಬಲ್ಲ, ಸಂಸಾರದ ತಾಪತ್ರಯವಿಲ್ಲದ ಚುರುಕು ಯುವಕರು ಬೇಕಾದರು. ಹೊಸ ಪದವೀಧರರನ್ನು ಎರಡು ವರ್ಷದ ಮಟ್ಟಿಗೆ 'ಅನಾಲಿಸ್ಟ್' ಎಂದು ತೆಗೆದುಕೊಳ್ಳುವ ಪದ್ಧತಿ ಬೇರೂರಿದ್ದು ಆಗ. ಯೇಲ್ ವಿಶ್ವವಿದ್ಯಾಲಯದಿಂದ 1986ರಲ್ಲಿ ಹೊರಬಿದ್ದ 1,300 ಮಂದಿಯಲ್ಲಿ ಶೇ 40ರಷ್ಟು ಜನ ಫಸ್ಟ್ ಬೋಸ್ಟನ್ ಎಂಬ ಒಂದೇ ಬ್ಯಾಂಕಿಗೆ ಅರ್ಜಿ ಹಾಕಿದ್ದರು ಎಂದು ಮೈಕೆಲ್ ಲೂಯಿಸ್ 1989ರ ತಮ್ಮ 'ಲೈಯರ್ಸ್ ಪೋಕರ್' ಪುಸ್ತಕದಲ್ಲಿ ಬರೆದಿದ್ದಾರೆ.

ಅರ್ಧ ಗಂಟೆಯ ಸಂದರ್ಶನದಲ್ಲಿ ಇಷ್ಟು ಜನರನ್ನು ಅಳೆಯುವುದು ಹೇಗೆ? ಅದಕ್ಕಿಂತ ಹತ್ತು ವಾರ ಜೊತೆಯಲ್ಲಿಟ್ಟುಕೊಂಡು ನೋಡುವುದು ಲೇಸು ಎಂದು ಬ್ಯಾಂಕುಗಳಿಗೆ ಕಂಡಿತು. ಕ್ರಮೇಣ ಕಾಯಂ ಸ್ಥಾನಗಳು ಬೇಸಿಗೆಯಲ್ಲಿ ಬಂದವರಿಂದಲೇ ತುಂಬತೊಡಗಿದವು. ಹಾಗಾಗಿ ನಿಜವಾದ ಆಯ್ಕೆ ಒಂದು ವರ್ಷ ಹಿಂದಕ್ಕೆ ಜರುಗಿತು. ಒಂದು ಬ್ಯಾಂಕು ಫೆಬ್ರವರಿಯಲ್ಲಿ ಆಯ್ಕೆ ನಡೆಸಿದರೆ ಇನ್ನೊಂದು ಡಿಸೆಂಬರಿನಲ್ಲೇ ನಡೆಸಿ, 'ಒಂದು ವಾರದೊಳಗೆ ಹೂಂ ಅನ್ನು, ಇಲ್ಲವಾದರೆ ಬಿಡು' ಎಂದಿತು. ಮಾವಿನ ತೋಪನ್ನು ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿಯುವ ವ್ಯಾಪಾರಿಗಳನ್ನು ಶ್ರೀನಿವಾಸಪುರದ ಕಡೆಯವರು ಬಲ್ಲರು. ಒಬ್ಬ ಹೂವಿಗೆ ಮುಂಗಡ ಕೊಟ್ಟರೆ ಉಳಿದವರು ಕಾಯಿ ಬಲಿಯುವವರೆಗೆ ಕಾದು ಕೂರುವಂತಿಲ್ಲ.

ಹೀಗೆ ಹೂವಿನಲ್ಲೇ ಬೆಲೆ ಕಟ್ಟಿಸಿಕೊಳ್ಳುವ ವಿದ್ಯಾರ್ಥಿ ತಯಾರಾಗುವುದು ಹೇಗೆ? ಅವನಲ್ಲಿ ತೋರಿಸಲು ಅನುಭವವಿಲ್ಲ. ಆದ್ದರಿಂದ ಅನುಭವದ ಬದಲಿಗೆ ನಿಲ್ಲುವ ಕೆಲವು ಗುರುತುಗಳನ್ನು ಅವನು ಕೂಡಿಹಾಕುತ್ತಾನೆ. ಮೊದಲನೆಯದು ಒಂದೇ ಪುಟದ ಸ್ವವಿವರ. ನಾಟಕ ಸಂಘದ ಖಜಾಂಚಿಯಾಗಿದ್ದರೆ ಎಷ್ಟು ಡಾಲರ್ ನಿಭಾಯಿಸಿದ, ಅಂಗಡಿಯಲ್ಲಿ ದುಡಿದಿದ್ದರೆ ಏನನ್ನು ಸುಧಾರಿಸಿದ ಎಂಬುದನ್ನು ಅಂಕಿಯಲ್ಲಿ ಹೇಳಬೇಕು. ಎರಡನೆಯದು ಪರಿಚಯ. ತನ್ನ ಕಾಲೇಜಿನಲ್ಲಿ ಓದಿ ಬ್ಯಾಂಕು ಸೇರಿದವರಿಗೆ ಪತ್ರ ಬರೆದು, ಹದಿನೈದು ನಿಮಿಷ ದೂರವಾಣಿಯಲ್ಲಿ ಮಾತನಾಡಲು ಕೇಳಿಕೊಳ್ಳುವುದು. ಕೆಲಸದ ಸ್ವರೂಪ ತಿಳಿಯುವುದು ಇದರ ನೆಪ. ಅರ್ಜಿಗಳ ರಾಶಿಯಲ್ಲಿ ತನ್ನ ಹೆಸರನ್ನು ಯಾರಾದರೂ ಗುರುತಿಸಲಿ ಎಂಬುದು ಒಳಗಿನ ಆಸೆ.

ಮೂರನೆಯದು ಪ್ರಶ್ನೋತ್ತರ. ತೀರ ಹೆಸರಾದ ಪ್ರಶ್ನೆಯೊಂದನ್ನು ನೋಡಬಹುದು: ಒಂದು ಕಂಪೆನಿಯ ಸವಕಳಿ ವೆಚ್ಚ 100 ಡಾಲರ್ ಹೆಚ್ಚಿದರೆ ಅದರ ಮೂರು ಲೆಕ್ಕಪಟ್ಟಿಗಳಲ್ಲಿ ಏನಾಗುತ್ತದೆ? ತೆರಿಗೆ ಶೇ 25 ಎಂದುಕೊಳ್ಳೋಣ. ಲಾಭ 100 ಇಳಿಯುತ್ತದೆ, ತೆರಿಗೆ 25 ಉಳಿಯುತ್ತದೆ, ಆದ್ದರಿಂದ ನಿವ್ವಳ ಲಾಭಕ್ಕೆ ಬೀಳುವ ಹೊಡೆತ 75. ಸವಕಳಿ ಕಾಗದದ ಮೇಲಿನ ವೆಚ್ಚ. ಗಲ್ಲಾಪೆಟ್ಟಿಗೆಯಿಂದ ಹಣ ಹೋಗುವುದಿಲ್ಲ. ಹಾಗಾಗಿ ತೆರಿಗೆಯಲ್ಲಿ ಉಳಿದ 25 ಡಾಲರ್ ನಗದಿಗೆ ಸೇರುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರಗಳ ಬೆಲೆ 100 ಇಳಿದು, ನಗದು 25 ಏರಿ, ಆಸ್ತಿ 75 ಕಡಿಮೆಯಾಗುತ್ತದೆ. ಇನ್ನೊಂದು ಬದಿಯಲ್ಲಿ ಮಾಲೀಕರ ಬಂಡವಾಳವೂ 75 ಇಳಿದು ಲೆಕ್ಕ ಸರಿಹೊಂದುತ್ತದೆ. ಇದರಲ್ಲಿ ಅರ್ಧವನ್ನು ನಮ್ಮ ಪಿಯುಸಿ ವಾಣಿಜ್ಯ ವಿದ್ಯಾರ್ಥಿಯೂ ಹೇಳಿಯಾನು. ಇತಿಹಾಸವನ್ನೋ ತತ್ತ್ವಶಾಸ್ತ್ರವನ್ನೋ ಓದುತ್ತಿರುವ ಅಮೆರಿಕದ ಹುಡುಗಿ ಮಾತ್ರ ಇಂಥ ನೂರಾರು ಪ್ರಶ್ನೆಗಳನ್ನು ಕೈಪಿಡಿಗಳಿಂದ ಉರು ಹೊಡೆಯಬೇಕು. ಯಾಕೆ ಎಂದು ತಿಳಿದು ಕಲಿತವಳು ಪ್ರಶ್ನೆ ತುಸು ತಿರುಚಿದರೂ ನಿಲ್ಲುತ್ತಾಳೆ. ಬರೀ ಉತ್ತರ ಕಲಿತವಳು ಅಲ್ಲೇ ಸಿಕ್ಕಿಬೀಳುತ್ತಾಳೆ.

ಇದೆಲ್ಲ ಶ್ರಮದಿಂದ ಸಾಧ್ಯ, ನಿಜ. ಆದರೆ ಶ್ರಮ ಯಾವಾಗ ಆರಂಭಿಸಬೇಕೆಂಬುದು ಗೊತ್ತಿರಬೇಕಲ್ಲ! ತಂದೆಯೋ ಚಿಕ್ಕಪ್ಪನೋ ಬ್ಯಾಂಕಿನಲ್ಲಿದ್ದವರಿಗೆ ಕಾಲೇಜು ಸೇರುವ ಮೊದಲೇ ಈ ದಿನಾಂಕಗಳು ಗೊತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಅವು ಗೊತ್ತಾಗುವುದು ಮೂರನೆಯ ವರ್ಷದಲ್ಲಿ, ಬಾಗಿಲು ಮುಚ್ಚಿದ ಮೇಲೆ. ಇಂಥ ಸಂಸ್ಥೆಗಳ ನೇಮಕಾತಿಯನ್ನು ಒಳಹೊಕ್ಕು ನೋಡಿದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ 2015ರ 'ಪೆಡಿಗ್ರಿ' ಪುಸ್ತಕದಲ್ಲಿ, ಸಂದರ್ಶಕರು ತಮ್ಮಂತೆಯೇ ಆಡಿ ಬೆಳೆದವರತ್ತ ವಾಲುವುದನ್ನು ವಿವರಿಸಿದ್ದಾರೆ. ನ್ಯೂಯಾರ್ಕಿನ ಎಸ್‌ಇಒ ಎಂಬ ಸೇವಾಸಂಸ್ಥೆ ಅವಕಾಶವಂಚಿತ ಸಮುದಾಯಗಳ ವಿದ್ಯಾರ್ಥಿಗಳನ್ನು ತಯಾರು ಮಾಡಿ ವಾಲ್ ಸ್ಟ್ರೀಟಿನ ಬೇಸಿಗೆ ಕೆಲಸಕ್ಕೆ ಕಳಿಸುವ ಯೋಜನೆಯನ್ನು 1980ರಲ್ಲೇ ಆರಂಭಿಸಿತ್ತು. ಅಂಥ ಕೈ ಹಿಡಿಯುವವರು ಎಲ್ಲರಿಗೂ ಸಿಗುವುದಿಲ್ಲ. ಆಯ್ಕೆ ಎಷ್ಟು ಬೇಗ ನಡೆಯುತ್ತದೋ ಅಷ್ಟು ಮಟ್ಟಿಗೆ ಅದು ವಿದ್ಯಾರ್ಥಿಯ ಅಳತೆಯಾಗದೆ ಅವನ ಮನೆಯ ಅಳತೆಯಾಗುತ್ತದೆ.

ಈ ರೋಗಕ್ಕೆ ಮದ್ದಿಲ್ಲವೆಂದಲ್ಲ. ಅಮೆರಿಕದ ಆಸ್ಪತ್ರೆಗಳು ಎಳೆಯ ವೈದ್ಯರಿಗಾಗಿ ಹೀಗೆಯೇ ಪೈಪೋಟಿ ನಡೆಸಿ, 1944ರ ಹೊತ್ತಿಗೆ ಪದವಿಗೆ ಎರಡು ವರ್ಷ ಮೊದಲೇ ನೇಮಕ ಮಾಡುತ್ತಿದ್ದವು. 1945ರಲ್ಲಿ ವೈದ್ಯಕೀಯ ಕಾಲೇಜುಗಳೆಲ್ಲ ಒಂದಾಗಿ, ಗೊತ್ತುಪಡಿಸಿದ ದಿನದವರೆಗೆ ಅಂಕಪಟ್ಟಿ ಕೊಡುವುದಿಲ್ಲವೆಂದು ಪಟ್ಟು ಹಿಡಿದವು. ದಿನಾಂಕವೇನೋ ನಿಂತಿತು, ಆದರೆ ಯೋಚಿಸಲು ಕೊಡುವ ಅವಧಿ ಕುಗ್ಗುತ್ತ ಹೋಗಿ, 1949ರಲ್ಲಿ ಹನ್ನೆರಡು ಗಂಟೆಯ ಗಡುವೂ ಆಸ್ಪತ್ರೆಗಳಿಗೆ ದೀರ್ಘವೆನಿಸಿತು! ಕೊನೆಗೆ 1952ರಲ್ಲಿ ವಿದ್ಯಾರ್ಥಿಗಳೂ ಆಸ್ಪತ್ರೆಗಳೂ ತಮ್ಮ ಇಷ್ಟದ ಪಟ್ಟಿ ಕೊಟ್ಟು, ಕೇಂದ್ರವೊಂದು ಜೋಡಿ ಮಾಡುವ ವ್ಯವಸ್ಥೆ ಬಂತು. ಅದು ಇಂದಿಗೂ ನಡೆಯುತ್ತಿದೆ. ಇಂಥ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿದ ಆಲ್ವಿನ್ ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನಮ್ಮ ದೇಶದಲ್ಲಿಯೂ ಬೆಂಗಳೂರಿನದೂ ಸೇರಿದಂತೆ ಐಐಎಂಗಳಲ್ಲಿ ಪಾಠ ಶುರುವಾದ ಕೆಲವೇ ತಿಂಗಳಲ್ಲಿ ಬೇಸಿಗೆ ಕೆಲಸದ ಸಂದರ್ಶನ ಮುಗಿಯುತ್ತದೆ. ಆದರೆ ಅಲ್ಲಿ ದಿನ ಗೊತ್ತುಮಾಡುವುದು ಸಂಸ್ಥೆಯೇ. ಕಂಪೆನಿಗಳು ಆ ದಿನಕ್ಕೆ ಬರಬೇಕು. ವಾಲ್ ಸ್ಟ್ರೀಟಿನಲ್ಲಿ ಹಾಗೆ ದಿನ ಗೊತ್ತುಮಾಡುವವರು ಯಾರೂ ಇಲ್ಲ.

ಸ್ವಾರಸ್ಯವೆಂದರೆ, ಇದೇ ಆತುರದ ಬಿಸಿ ಈಗ ಬ್ಯಾಂಕುಗಳಿಗೂ ತಟ್ಟಿದೆ. ಅವು ಆರಿಸಿದ ಹುಡುಗರನ್ನು ಕೆಲಸದ ಮೊದಲ ದಿನಕ್ಕೂ ಮುನ್ನವೇ ಪ್ರೈವೇಟ್ ಈಕ್ವಿಟಿ ಸಂಸ್ಥೆಗಳು ಎರಡು ವರ್ಷದ ನಂತರದ ನೌಕರಿಗೆ ಕಾದಿರಿಸತೊಡಗಿದವು. ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ 2024ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆದುರು ಇದನ್ನು ಅನೈತಿಕವೆಂದು ಕರೆದರು. ಸೇರುವ ಮೊದಲು ಅಥವಾ ಸೇರಿದ 18 ತಿಂಗಳೊಳಗೆ ಬೇರೆಡೆ ನೌಕರಿ ಒಪ್ಪಿಕೊಂಡವರನ್ನು ವಜಾ ಮಾಡುವುದಾಗಿ 2025ರ ಜೂನ್‌ನಲ್ಲಿ ಬ್ಯಾಂಕು ಹೊಸಬರಿಗೆ ಪತ್ರ ಬರೆಯಿತು. ಅಪೋಲೋ ಮುಂತಾದ ಸಂಸ್ಥೆಗಳು ಆ ವರ್ಷದ ಮಟ್ಟಿಗೆ ಹಿಂದೆ ಸರಿದವು. ಕಾಲೇಜಿನ ಎರಡನೆಯ ವರ್ಷದಲ್ಲಿರುವವರು ಯಾವಾಗ ಅರ್ಜಿ ಹಾಕಬೇಕೆಂಬ ವಿಷಯ ಮಾತ್ರ ಆ ಪತ್ರದಲ್ಲಿ ಇರಲಿಲ್ಲ.