ಕಡತದೊಳಗಿನ ಕನ್ನಡ

ಪಿಎಚ್‌.ಡಿ.ಯ ಮೂರನೇ ವರ್ಷಕ್ಕೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಆನ್ ಮಾಡಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಹೊಸದು ಕೊಳ್ಳಲು ಕೈಯಲ್ಲಿ ಕಾಸಿಲ್ಲ. “ಯಂತ್ರ ಚೆನ್ನಾಗೇ ಇದೆ, ಆಪರೇಟಿಂಗ್ ಸಿಸ್ಟಮ್ ಬದಲಿಸು” ಎಂದ ಹಾಸ್ಟೆಲಿನ ಗೆಳೆಯ. ಹಾಗೆ ಡೆಬಿಯನ್ ನನ್ನ ಕೋಣೆಗೆ ಬಂತು.

ಇತಿಹಾಸ ಓದುವವರಿಗೆ ಬಂದವರ ಊರು, ಮನೆತನ ಕೇಳದಿದ್ದರೆ ಸಮಾಧಾನವಿಲ್ಲ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ‘ಗ್ನೂ’ ಎಂಬ ವ್ಯವಸ್ಥೆ ಕಟ್ಟುವುದಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದರು. ಅದಕ್ಕೆ ಬೇಕಿದ್ದ ತಿರುಳು, ಅಂದರೆ ಕರ್ನಲ್, ಒದಗಿದ್ದು 1991ರಲ್ಲಿ, ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರಿಂದ. ಮರುವರ್ಷ ಅದನ್ನೂ ಅವರು ಗ್ನೂ ಪರವಾನಗಿಯಡಿ ತಂದರು. ಇವೆರಡನ್ನೂ ಜೋಡಿಸಿ ಬಳಕೆಗೆ ಅಣಿಗೊಳಿಸಲು ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ್ದೇ ಡೆಬಿಯನ್. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಅವರು ಇಟ್ಟ ಹೆಸರದು.

ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದಾಗ ಇನ್‌ಸ್ಟಾಲರ್ ಮೊದಲು ಕೇಳಿದ್ದು, ಯಾವ ಭಾಷೆ ಎಂದು. ಪಟ್ಟಿಯಲ್ಲಿ ಕನ್ನಡವಿತ್ತು. ಡಿಸ್ಕ್ ಪೂರ್ತಿ ಅಳಿಸಲೇ ಎಂದಾಗ ಎದೆ ಢವಗುಟ್ಟಿತು. ಕಡತಗಳ ಪ್ರತಿ ತೆಗೆದಿಟ್ಟಿದ್ದೆನಲ್ಲ ಎಂಬ ಧೈರ್ಯದಿಂದ ಹೂಂ ಎಂದೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವುಗಳಲ್ಲೊಂದು, ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರ ಮಾತು. ಧ್ವನಿಮುದ್ರಣಕ್ಕೆ ಅವರು ಒಪ್ಪಿರಲಿಲ್ಲ. ಈಗ ಅವರಿಲ್ಲ.

ತಪ್ಪು ಡೆಬಿಯನ್ನಿನದಲ್ಲ. ಪ್ರೆಸ್ಸಿನವರು ಕೇಳುತ್ತಾರೆಂದು ನಾನು ಹಳೆಯ ಬಗೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತವೆ. ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೂ 1991ರಲ್ಲೇ! ಆ ಹಳೆಯ ಫಾಂಟನ್ನು ತಂದು ಹಾಕಿದ್ದರೆ ಕಣ್ಣಿಗೇನೋ ಕನ್ನಡ ಕಾಣುತ್ತಿತ್ತು. ಆದರೆ ಫಾಂಟು ಕಣ್ಮರೆಯಾದ ದಿನ ಹಿರಿಯರ ಮಾತೂ ಅದರ ಜೊತೆಗೇ ಹೋಗುತ್ತಿತ್ತು. ದಾಖಲೆ ಉಳಿಯಲು ಕಡತ ಇದ್ದರೆ ಸಾಲದು, ಅದನ್ನು ಓದುವ ಬಗೆಯೂ ಎಲ್ಲರ ಕೈಗೆ ಸಿಗುವಂತಿರಬೇಕು.

ಕನ್ನಡದ ಉತ್ಸಾಹಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪರಿವರ್ತಕವೊಂದು ಕೈಹಿಡಿಯಿತು. ದಿಕ್ಕುತಪ್ಪಿದ ಅರ್ಕಾವೊತ್ತುಗಳನ್ನು ಎರಡು ವಾರ ಕೂತು ಒಂದೊಂದಾಗಿ ತಿದ್ದಿದೆ.

ತಿದ್ದಲು ಕೀಲಿಮಣೆ ಹುಡುಕಿದಾಗ, ಲಿನಕ್ಸಿನ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರು ಕಂಡಿತು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು! ಕೆ.ಪಿ. ರಾವ್ ಹಾಕಿಕೊಟ್ಟ ವಿನ್ಯಾಸದ ಹಾದಿಯದು. ಹಿಂದಿ, ಮರಾಠಿ, ತೆಲುಗು, ಸಂಸ್ಕೃತದ ಕೀಲಿಮಣೆಗಳ ಮುಂದೆಯೂ ಅದೇ ಹೆಸರಿದೆ. ಎಲ್ಲರಿಗೂ ತೆರೆದಿಟ್ಟ ಮನೆಗೆ ನಮ್ಮವರೂ ಒಂದು ಕಂಬ ಕೊಟ್ಟಿದ್ದಾರೆ.

ಮೊಳೆ ಸವೆದರೆ ಮತ್ತೆ ಎರಕ ಹೊಯ್ಯುತ್ತಿದ್ದರಂತೆ. ಆ ಹಿರಿಯರು ಹೇಳಿದ್ದು. ಆ ಮಾತಿರುವ ಪುಟ ಈಗ ಗೆಳೆಯನ ಫೋನಿನಲ್ಲೂ ತೆರೆಯುತ್ತದೆ.