ಶಾಪದ ಊರಿನಲ್ಲಿ ಒಂದು ಹಗಲು

ಕೆಲವು ಊರುಗಳ ವಿಷಯದಲ್ಲಿ ಅವುಗಳ ಕೀರ್ತಿಗಿಂತ ಮುಂಚೆ ಅಪಕೀರ್ತಿಯೇ ಜನರ ಕಿವಿಯನ್ನು ಮುಟ್ಟಿರುತ್ತದೆ. ತಲಕಾಡು ಅಂತಹ ಊರು. ಅದು ಗಂಗರ ರಾಜಧಾನಿಯಾಗಿದ್ದಿತೆಂಬುದನ್ನು ಅರಿಯದವರು ಬಹಳ ಮಂದಿ ಇರಬಹುದು; ಶಾಪ ತಗುಲಿದ ಊರೆಂಬುದನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಮೈಸೂರಿನಿಂದ ಸುಮಾರು 45 ಕಿಲೋಮೀಟರುಗಳ ದಾರಿ. ಬೆಳಗಿನ ಉಪಾಹಾರವನ್ನು ತೀರಿಸಿಕೊಂಡು ಹೊರಟು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮವನ್ನು ಕಂಡು, ಬಿಸಿಲೇರುವುದರೊಳಗೆ ಅಲ್ಲಿರಬಹುದು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದು. ಬಿಸಿಲೇರಿದ ಮೇಲೆ ಹೋಗುವುದು ತರವಲ್ಲ. ಗುಡಿಯ ಬಳಿ ಪಾದರಕ್ಷೆಯನ್ನು ಬಿಟ್ಟವನಿಗೆ ನಡುಹಗಲಿನ ಮರಳು ಅಲಮೇಲಮ್ಮನಿಗಿಂತ ನಿಷ್ಠುರವಾದದ್ದು.

ಶಾಪದ ಊರನ್ನು ಕಾಣಲು ಹೊರಟವನಿಗೆ ಮೊದಲು ಎದುರಾಗುವುದು ಬತ್ತದ ಗದ್ದೆ. ಎರಡು ಕಡೆಯಲ್ಲಿಯೂ ಕಾಲುವೆಯ ನೀರು, ಹಸುರು, ಎತ್ತಿನ ಜೋಡಿ, ಶಾಲೆಗೆ ಹೋಗುವ ಮಕ್ಕಳು. ಹಾಳೂರನ್ನು ನಿರೀಕ್ಷಿಸಿ ಬಂದವರು ಇದನ್ನು ದಾರಿಯ ನೋಟವೆಂದು ಭಾವಿಸಿ ಮುಂದೆ ಸಾಗಿಬಿಡುತ್ತಾರೆ. ಆದರೆ ಈ ಗದ್ದೆಯೇ ತಲಕಾಡಿನ ಕಥೆಯ ಅರ್ಧಭಾಗವೆಂಬುದು ನನ್ನ ಅಭಿಪ್ರಾಯ. ಅದನ್ನು ಮುಂದೆ ವಿವರಿಸುತ್ತೇನೆ.

ಊರನ್ನು ದಾಟಿದೊಡನೆ ನೆಲದ ಬಣ್ಣವೇ ಬದಲಾಗುತ್ತದೆ. ಮರಳಿನ ದಿಬ್ಬಗಳು, ಅವನ್ನು ಹಿಡಿದು ನಿಲ್ಲಿಸಲು ಬೆಳೆಸಿದ ಮರಗಳು, ಆ ಮರಗಳ ನಡುವೆ ಹಳ್ಳದಲ್ಲಿ ಕುಳಿತಂತೆ ಕಾಣುವ ಗುಡಿಗಳು. ವೈದ್ಯೇಶ್ವರನ ದೇವಾಲಯವು ಇವುಗಳಲ್ಲಿ ಮುಖ್ಯವಾದದ್ದು. ಪಾತಾಳೇಶ್ವರ, ಮರಳೇಶ್ವರರನ್ನು ಕಾಣಬೇಕಾದರೆ ಮೆಟ್ಟಿಲುಗಳನ್ನು ಇಳಿದೇ ಹೋಗಬೇಕು. ದೇವರ ದರ್ಶನಕ್ಕೆ ಬೆಟ್ಟವನ್ನು ಹತ್ತಿ ಅಭ್ಯಾಸವಾದ ನಮ್ಮ ಜನಕ್ಕೆ ಹೀಗೆ ಇಳಿಯುವುದು ವಿಚಿತ್ರವಾಗಿ ತೋರುತ್ತದೆ. ಊರಿನ ಹೆಸರಿಗೊಂದು ಸ್ಥಳಪುರಾಣವುಂಟು. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಮರವೊಂದಕ್ಕೆ ಕೊಡಲಿಯೇಟು ಹಾಕಲು ಅದರಿಂದ ರಕ್ತವು ಹರಿಯಿತಂತೆ. ಆ ಮರದ ಎಲೆಯನ್ನೇ ಗಾಯಕ್ಕೆ ಕಟ್ಟಬೇಕೆಂದು ಅಶರೀರವಾಣಿಯಾಯಿತಂತೆ. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದುದರಿಂದ ಶಿವನು ಅಲ್ಲಿ ವೈದ್ಯನಾದನು.

ಚರಿತ್ರೆಯ ಕಡೆಗೆ ತಿರುಗಿದರೆ ಊರಿನ ಹಿರಿಮೆ ಸಾಮಾನ್ಯವಾದುದಲ್ಲ. ಗಂಗರ ಬಳಿಕ, ಸುಮಾರು ಕ್ರಿ. ಶ. 1004ರಲ್ಲಿ ಚೋಳರು ಇದನ್ನು ಹಿಡಿದು ರಾಜರಾಜಪುರವೆಂದು ಕರೆದರು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಅವರಿಂದ ಅದನ್ನು ಕಿತ್ತುಕೊಂಡು ‘ತಳಕಾಡುಗೊಂಡ’ನೆಂಬ ಬಿರುದನ್ನು ಧರಿಸಿದನು, ಆ ಬಿರುದನ್ನು ಕನ್ನಡ ಲಿಪಿಯಲ್ಲಿ ತನ್ನ ಚಿನ್ನದ ನಾಣ್ಯದ ಮೇಲೆಯೂ ಅಚ್ಚೊತ್ತಿಸಿದನು. ಗೆದ್ದ ಊರಿನ ಹೆಸರನ್ನು ನಾಣ್ಯಕ್ಕೇರಿಸಬೇಕಾದರೆ ಆ ಊರಿನ ತೂಕ ಎಷ್ಟಿದ್ದಿರಬೇಕು! ಆ ಜಯದ ನೆನಪಿಗಾಗಿ ಎದ್ದ ಕೀರ್ತಿನಾರಾಯಣ ದೇವಾಲಯವು ಮರಳಿನಿಂದ ಬಿಡುಗಡೆ ಹೊಂದಿ ಈಗ ನಮ್ಮ ಕಣ್ಣಿಗೆ ಕಾಣುತ್ತಲಿದೆ.

ಇನ್ನು ಶಾಪದ ಮಾತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಾದ ತಿರುಮಲರಾಯನಿಂದ ವಶಪಡಿಸಿಕೊಂಡರು. ಇದು ಚರಿತ್ರೆ. ಅಲ್ಲಿಂದ ಮುಂದಿನದು ಐತಿಹ್ಯ. ರಾಯನು ತಲಕಾಡಿಗೆ ಬಂದು ತೀರಿಕೊಂಡನು. ಅವನ ರಾಣಿ ಅಲಮೇಲಮ್ಮನ ಬಳಿಯಲ್ಲಿದ್ದ ಒಡವೆಗಳನ್ನು ಮಂಗಳವಾರ ಶುಕ್ರವಾರಗಳಲ್ಲಿ ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುವುದು ವಾಡಿಕೆಯಾಗಿದ್ದಿತು. ಒಡವೆಗಳೆಲ್ಲವನ್ನೂ ಒಪ್ಪಿಸಬೇಕೆಂದು ಅರಮನೆಯಿಂದ ಅಪ್ಪಣೆಯಾದಾಗ ಆಕೆ ಮುತ್ತಿನ ಮೂಗುತಿಯೊಂದನ್ನು ಮಾತ್ರ ಕಳುಹಿಸಿದಳು. ದಂಡು ಬಂದಿತು. ಉಳಿದ ಒಡವೆಗಳೊಡನೆ ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡನ್ನು ಮರಳು ಮುಚ್ಚಲೆಂದೂ ಮಾಲಂಗಿಯಲ್ಲಿ ಆಳವಾದ ಮಡು ನಿಲ್ಲಲೆಂದೂ ಮೈಸೂರಿನ ಅರಸರಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿದಳು.

ಮೂರನೆಯ ಶಾಪವನ್ನೇ ಮೊದಲು ಪರೀಕ್ಷಿಸೋಣ. ರಾಜ ಒಡೆಯರ ಮಕ್ಕಳು ಅವರಿಗಿಂತ ಮುಂಚೆಯೇ ತೀರಿಕೊಂಡು 1617ರಲ್ಲಿ ಮೊಮ್ಮಗನು ಪಟ್ಟಕ್ಕೆ ಬಂದುದು ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಸ್ವೀಕರಿಸಿದುದೂ, ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟವೇರಿದುದೂ ನಿಜ. ಆದರೆ ಚಿಕ್ಕದೇವರಾಜ ಒಡೆಯರಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಹೀಗೆ 1673ರಿಂದ 1732ರವರೆಗೆ ಸಿಂಹಾಸನವು ನೇರವಾಗಿ ನಡೆದು ಬಂದುದೂ ಅಷ್ಟೇ ನಿಜ. ಚಾಮರಾಜೇಂದ್ರರಿಗೆ ನಾಲ್ವಡಿಯವರು ಸ್ವಂತ ಮಗ. ಜಯಚಾಮರಾಜರಿಗೂ 1953ರಲ್ಲಿ ಮಗನು ಹುಟ್ಟಿದನು. ಶಾಪಕ್ಕೆ ಒಪ್ಪುವ ತಲೆಮಾರುಗಳನ್ನು ಜನರು ಎಣಿಸುತ್ತಾರೆ, ಒಪ್ಪದವನ್ನು ಮರೆಯುತ್ತಾರೆ. 2017ರ ಡಿಸೆಂಬರಿನಲ್ಲಿ ಆ ಮನೆತನದಲ್ಲಿ ಮಗುವೊಂದು ಹುಟ್ಟಿದಾಗ ಶಾಪವು ವಿಮೋಚನೆಯಾಯಿತೆಂಬ ಮಾತು ಎದ್ದಿತು. ಹಿಂದೆ ಇಷ್ಟು ಬಾರಿ ವಿಮೋಚನೆಯಾಗಿದ್ದುದು ಯಾರಿಗೂ ನೆನಪಾದಂತಿಲ್ಲ.

ಮರಳಿನ ವಿಷಯ ಇದಕ್ಕಿಂತ ಗಹನವಾದದ್ದು. ಏಕೆಂದರೆ ಮರಳು ಕಣ್ಣಿಗೆ ಕಾಣುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಲೂಯಿಸ್ ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ವರ್ಣಿಸಿದ್ದಾರೆ. ದಿಬ್ಬಗಳು ಸುಮಾರು ಒಂದು ಮೈಲಿಯ ಉದ್ದಕ್ಕೆ ಹಬ್ಬಿದ್ದುವು. ವರ್ಷಕ್ಕೆ 9 ಅಥವಾ 10 ಅಡಿಗಳಂತೆ, ಅದರಲ್ಲಿಯೂ ನೈಋತ್ಯದ ಮುಂಗಾರು ಗಾಳಿಯ ಕಾಲದಲ್ಲಿ, ಊರಿನ ಮೇಲೆ ಸರಿಯುತ್ತಿದ್ದುವು. ಜನರು ಮನೆಗಳನ್ನು ಬಿಟ್ಟು ಒಳನಾಡಿನ ಕಡೆಗೆ ಹಿಂದೆ ಹಿಂದೆ ಸರಿಯಬೇಕಾಗುತ್ತಿದ್ದಿತು. 30ಕ್ಕಿಂತ ಹೆಚ್ಚು ಗುಡಿಗಳು ಒಳಗಿವೆಯೆಂಬ ಹೇಳಿಕೆಯನ್ನೂ ಅವರು ದಾಖಲಿಸಿದ್ದಾರೆ. ಅಷ್ಟಾದರೂ ಊರಿನ ಜನಸಂಖ್ಯೆ ಕುಗ್ಗಲಿಲ್ಲ, ಬೆಳೆಯುತ್ತಿದ್ದಿತು ಎಂದೂ ಅವರೇ ಬರೆಯುತ್ತಾರೆ. ಕಾರಣ, ಮಾಧವಮಂತ್ರಿ ಅಣೆಕಟ್ಟಿನ ಕಾಲುವೆಯಿಂದ ಬಂದ ನೀರಾವರಿ.

ಈ ಅಣೆಕಟ್ಟು 14ನೆಯ ಶತಮಾನದ್ದೆಂದೂ ವಿಜಯನಗರದ ಕಾಲದ ಮಾಧವಮಂತ್ರಿಯ ಕೆಲಸವೆಂದೂ ಹೇಳುತ್ತಾರೆ. ಎಂದರೆ ಅಲಮೇಲಮ್ಮನಿಗಿಂತ ಎರಡು ಶತಮಾನಗಳಿಗೂ ಹಿಂದಿನದು. ವಿಜ್ಞಾನಿ ಕೆ. ಎನ್. ಗಣೇಶಯ್ಯನವರು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತಲಕಾಡಿನ ಶಾಪವನ್ನು ಕುರಿತು ಬರೆದ ಲೇಖನದಲ್ಲಿ ಮರಳಿನ ಕಾರಣವನ್ನು ಈ ಕಟ್ಟೆಯಲ್ಲಿಯೇ ಹುಡುಕುತ್ತಾರೆ. ಹೊಳೆಯು ತಲಕಾಡಿನ ಬಳಿ ಬಾಗಿ ಹರಿಯುತ್ತದೆ. ಬಾಗಿದೆಡೆಯಲ್ಲಿ ಮರಳು ನಿಲ್ಲುವುದು ಸಹಜ. ಮೊದಲು ನೀರು ಅದನ್ನು ಮುಚ್ಚಿಕೊಂಡಿದ್ದಿತು. ಮೇಲೆ ಕಟ್ಟೆಯಾಗಿ ನೀರು ಕಾಲುವೆಗೆ ತಿರುಗಿದ ಮೇಲೆ ಹೊಳೆಯ ಪಾತ್ರವು ಬಯಲಾಯಿತು, ಒಣಗಿದ ಮರಳನ್ನು ಗಾಳಿ ಎತ್ತಿ ದಡದ ಊರಿನ ಮೇಲೆ ಸುರಿಯಿತು. ಈ ವಾದವನ್ನು ಒಪ್ಪಿದರೆ, ದಾರಿಯಲ್ಲಿ ನಾವು ಕಂಡ ಗದ್ದೆಗೂ ಗುಡಿಗಳನ್ನು ನುಂಗಿದ ಮರಳಿಗೂ ಹುಟ್ಟು ಒಂದೇ. ಯಾವ ಕಟ್ಟೆ ಊರಿಗೆ ಅನ್ನವನ್ನು ಕೊಟ್ಟಿತೋ ಅದೇ ಕಟ್ಟೆ ಊರಿನ ಮನೆಗಳನ್ನು ಕಿತ್ತುಕೊಂಡಿತು. ಹಿಂದೆ ಸರಿದ ಪ್ರತಿಯೊಂದು ಮನೆಯವರೂ ಗದ್ದೆಯನ್ನು ಬಿಡದೆಯೇ ಸರಿದರು.

ಹಾಗಾದರೆ ಅಲಮೇಲಮ್ಮನ ಕಥೆ ಬರಿಯ ಕಟ್ಟುಕಥೆಯೆಂದು ತಳ್ಳಿಬಿಡಬಹುದೆ? ನನಗೆ ಹಾಗೆ ತೋರುವುದಿಲ್ಲ. ಮರಳಿಗೆ ಆಕೆ ಕಾರಣಳಲ್ಲದಿರಬಹುದು. ಆದರೆ ರಾಜ್ಯಗಳು ಕೈ ಬದಲಾಯಿಸುವಾಗ ಸೋತವರ ಮನೆಯ ಹೆಂಗಸರಿಗೆ ಏನಾಯಿತೆಂಬುದನ್ನು ಗೆದ್ದವರ ಬಖೈರುಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಇಲ್ಲಿ ಅದನ್ನು ಜನರು ಬಾಯಿಯಲ್ಲಿ ಕಾಪಾಡಿಕೊಂಡು ಬಂದರು. ಮರಳಿನ ದಿಬ್ಬವು ಅವರಿಗೆ ಸಾಕ್ಷಿಯಾಗಿ ಒದಗಿತು. ಇನ್ನೂ ಸೋಜಿಗದ ಸಂಗತಿಯೆಂದರೆ ಗೆದ್ದವರೇ ಅದನ್ನು ಮರೆಯಲಿಲ್ಲ. ಮೈಸೂರಿನ ಅರಮನೆಯಲ್ಲಿ ಅಲಮೇಲಮ್ಮನ ಪ್ರತಿಮೆಗೆ ಪೂಜೆ ಸಲ್ಲುತ್ತ ಬಂದಿದೆ. ತನ್ನ ವಂಶವನ್ನು ಶಪಿಸಿದವಳಿಗೆ ಪೂಜೆ ಸಲ್ಲಿಸುವ ರಾಜಮನೆತನಗಳು ಎಷ್ಟಿವೆಯೋ ನಾನು ಕಾಣೆ.

ಊರು ಸತ್ತಿಲ್ಲ ಎಂಬುದಕ್ಕೆ ಪಂಚಲಿಂಗ ದರ್ಶನಕ್ಕಿಂತ ಬೇರೆ ಸಾಕ್ಷಿ ಬೇಡ. ಕಾರ್ತಿಕ ಮಾಸದ ಸೋಮವಾರ, ಅಮಾವಾಸ್ಯೆ, ನಕ್ಷತ್ರ ಇವೆಲ್ಲ ಕೂಡಿಬರುವ ವರ್ಷಗಳಲ್ಲಿ ಮಾತ್ರ ಅದು ನಡೆಯುತ್ತದೆ. ಈಚೆಗೆ 2009ರಲ್ಲಿ, 2013ರಲ್ಲಿ, 2020ರಲ್ಲಿ ನಡೆಯಿತು. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐವರನ್ನೂ ಒಂದೇ ದಿನದಲ್ಲಿ ಕಾಣಬೇಕೆಂದು ಜನರು ಬರುತ್ತಾರೆ. ಆ ದಿನಕ್ಕಾಗಿ ಊರಿನಲ್ಲಿ ಮೊದಲು ಆರಂಭವಾಗುವ ಕೆಲಸವೆಂದರೆ ಗುಡಿಗಳ ದಾರಿಯ ಮರಳನ್ನು ತೆಗೆಯುವುದು.