ಕೆರೆಗೊಡಗೆಯಿಂದ ಸಿಎಸ್‌ಆರ್‌ವರೆಗೆ

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಕೆರೆ ಸಂಘದವರು ಒಂದು ಕಟ್ಟು ಕಾಗದ ತಂದು ನನ್ನ ಮುಂದಿಟ್ಟರು. ಯಾವುದೋ ಕಂಪನಿಯವರು ಕೆರೆ ಹೂಳೆತ್ತಲು ದುಡ್ಡು ಕೊಡುತ್ತಾರಂತೆ, ಅರ್ಜಿ ಇಂಗ್ಲಿಷಿನಲ್ಲಿ ಇರಬೇಕಂತೆ. "ನೀನು ಓದಿದವನು, ಬರೆದುಕೊಡಪ್ಪ" ಅಂದರು. ಅದೇನು ಮಹಾ, ಅಂತ ಕೂತೆ. ಎರಡು ದಿನ ಹಿಡಿಯಿತು!

ಸಂಘದ ನೋಂದಣಿ ಸಂಖ್ಯೆ, 12ಎ, 80ಜಿ, ಸಿಎಸ್‌ಆರ್-1, ಮೂರು ವರ್ಷದ ಆಡಿಟ್ ವರದಿ... ಇದ್ದದ್ದನ್ನೆಲ್ಲ ಹುಡುಕಿ ಜೋಡಿಸಿದೆವು. ಖರ್ಚಿನ ಪಟ್ಟಿಯಲ್ಲಿ ತೂಬಿನ ವರ್ಷಾವಧಿ ರಿಪೇರಿ ಮತ್ತು ನೀರುಗಂಟಿಯ ಸಂಬಳವನ್ನೂ ಸೇರಿಸಿದ್ದೆ. ಅರ್ಜಿ ವಾಪಸ್ ಬಂತು. ಆ ಎರಡು ಸಾಲುಗಳ ಮೇಲೆ ಅಡ್ಡಗೆರೆ. ವರ್ಷವರ್ಷವೂ ಬರುವ ಖರ್ಚಿಗೆ ನಾವು ಕೊಡುವುದಿಲ್ಲ ಅನ್ನುವ ಟಿಪ್ಪಣಿ. ತಮಾಷೆ ಏನೆಂದರೆ ಅದೇ ಅರ್ಜಿಯ ಕೊನೆಯ ಪ್ರಶ್ನೆ ಹೀಗಿತ್ತು: ಯೋಜನೆ ಮುಗಿದ ಮೇಲೆ ಇದರ ನಿರ್ವಹಣೆ ಹೇಗೆ?

ಅವತ್ತು ಸಂಜೆ ಬೇಜಾರಾಗಿ ಏರಿ ಮೇಲೆ ಹೋಗಿ ಕೂತೆ. ಅಲ್ಲೊಂದು ಹಳೇ ಕಲ್ಲಿದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಹಸು ಕರು. ಅಕ್ಷರವೆಲ್ಲ ಸವೆದುಹೋಗಿದೆ. ಚಿಕ್ಕಂದಿನಲ್ಲಿ ಅದರ ಮೇಲೆ ಹತ್ತಿ ಕೆರೆಗೆ ಧುಮುಕುತ್ತಿದ್ದೆವು. ಇಂಥ ಕಲ್ಲುಗಳೇ ಒಂದು ಕಾಲದ ಗ್ರಾಂಟ್ ಆರ್ಡರುಗಳು ಅನ್ನುವುದು ಅವತ್ತು ಹೊಳೆಯಿತು. ಬೆಂಗಳೂರಿಗೆ ಬಂದವನೇ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತಿರುವಿಹಾಕಲು ಶುರು ಮಾಡಿದೆ.

ನಮ್ಮಲ್ಲಿ ಕೆರೆ ಕಟ್ಟಿಸುವ ದಾಖಲೆ ಬಹಳ ಹಳೆಯದು. ಕದಂಬರ ಕಾಲದ, ಸುಮಾರು 5ನೇ ಶತಮಾನದ ತಾಳಗುಂದ ಶಾಸನವೇ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯ ಹೇಳುತ್ತದೆ. ಮುಂದೆ ಗಂಗರ ಕಾಲದ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನುವ ಮಾತು ಸಿಗುತ್ತದೆ. ಕೆರೆ ಕಟ್ಟಿಸಿದವರಿಗೆ, ರಿಪೇರಿ ಮಾಡಿಸಿದವರಿಗೆ ಅದೇ ಕೆರೆಯ ಕೆಳಗಿನ ಭೂಮಿಯಲ್ಲಿ ಬಿಟ್ಟ ಪಾಲು ಅದು. ಆಮೇಲೆ ಕಟ್ಟುಕೊಡಗೆ, ಕೆರೆಗೊಡಗೆ, ದಶಬಂಧ ಅಂತ ಬೇರೆ ಬೇರೆ ಹೆಸರುಗಳು. ಕೆಲವು ಕಡೆ ಹೂಳು ಹೊರುವ ಗಾಡಿ ಮತ್ತು ಕೋಣಗಳ ಖರ್ಚಿಗೆ ಅಂತಲೇ ಜಮೀನು ಬಿಟ್ಟಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕೊಟ್ಟಿದ್ದು ಒಂದು ಸಲ ಕರಗಿಹೋಗುವ ದುಡ್ಡಲ್ಲ, ವರ್ಷವರ್ಷವೂ ಬೆಳೆ ಕೊಡುವ ಭೂಮಿ. ಕೆರೆ ಚೆನ್ನಾಗಿದ್ದರೆ ಆ ಭೂಮಿ ಬೆಳೆಯುತ್ತದೆ, ಭೂಮಿ ಬೆಳೆದರೆ ಕೆರೆಯ ಕೆಲಸ ನಡೆಯುತ್ತದೆ. ಕೆರೆ ನೋಡಿಕೊಳ್ಳದವನಿಗೆ ತನ್ನ ಗದ್ದೆಯೇ ಒಣಗುತ್ತದೆ. ಇದಕ್ಕಿಂತ ಬಿಗಿಯಾದ ಷರತ್ತು ಯಾವ ಕಂಪನಿ ಹಾಕೀತು ಹೇಳಿ!

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ (ಭವದೂರ ಅಂತಲೂ ಹೆಸರು) 1369ರಲ್ಲಿ ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ. ಅಲ್ಲಿಯ ಶಾಸನ ಒಂದು ಪ್ರಾಜೆಕ್ಟ್ ರಿಪೋರ್ಟ್ ಇದ್ದ ಹಾಗಿದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು, ಆಗಬಾರದ 6 ದೋಷಗಳು ಅದರಲ್ಲಿವೆ. 12ರಲ್ಲಿ ಮೊದಲನೆಯದು ಧರ್ಮವಂತನೂ ಹಣವಂತನೂ ಕೀರ್ತಿ ಬಯಸುವವನೂ ಆದ ರಾಜ. ಅಂದರೆ ದಾನಿ! ಎರಡನೆಯದು ಜಲಶಾಸ್ತ್ರ ಬಲ್ಲವನು. ಮಣ್ಣು, ನದಿ, ಕಲ್ಲು ಎಲ್ಲ ಆಮೇಲೆ. ದೋಷಗಳಲ್ಲೊಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಎರಡು ಇಲಾಖೆಗಳ ನಡುವೆ ಸಿಕ್ಕಿಕೊಂಡ ಕೆರೆಗಳನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಇನ್ನು ಶಾಸನಗಳ ಕೊನೆಗೆ ಬರುವ ಶಾಪ ನಿಮಗೆಲ್ಲ ಗೊತ್ತಿರಬಹುದು. ಈ ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುತ್ತದೆ ಅಂತ. ಅದರ ಜೊತೆಗೇ ಇನ್ನೊಂದು ಮಾತು ಎಷ್ಟೋ ಕಲ್ಲುಗಳಲ್ಲಿದೆ: ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಉಳಿಸಿಕೊಂಡು ಹೋಗುವುದೇ ದೊಡ್ಡದು. ಅಡ್ಡಗೆರೆ ಬಿದ್ದ ನನ್ನ ಎರಡು ಸಾಲು ನೆನಪಾಯಿತು.

ಈ ವ್ಯವಸ್ಥೆ ಎಲ್ಲಿ ಹೋಯಿತು? ಮೈಸೂರಿನಲ್ಲಿ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲೇ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅನ್ನುವಷ್ಟು ಕೆರೆಗಳು ಇಲ್ಲಿವೆ ಅಂತ ಬೆರಗಾಗಿದ್ದ. ಆದರೆ ಕೆರೆಯ ಹೊಣೆ ನಿಧಾನಕ್ಕೆ ಊರಿನಿಂದ ಸರ್ಕಾರದ ಕಡೆ ಸರಿಯುತ್ತಿತ್ತು. 1911ರಲ್ಲಿ ಕೆರೆ ಪಂಚಾಯ್ತಿ ಕಾನೂನು ತಂದರು. 1954 ಮತ್ತು 1955ರಲ್ಲಿ ಇನಾಂ ರದ್ದತಿ ಕಾಯ್ದೆಗಳು ಬಂದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಹಳೇ ದತ್ತಿಗಳ ಕಾಲದಲ್ಲಿ ಎಲ್ಲರಿಗೂ ಸಮಪಾಲು ಇತ್ತು ಅಂತಲೂ ನಾನು ಹೇಳುವುದಿಲ್ಲ. ಎಷ್ಟೋ ಊರುಗಳಲ್ಲಿ ಹೂಳು ಹೊತ್ತವರಿಗೇ ಆ ಕೆರೆಯ ನೀರು ಮುಟ್ಟುವ ಹಕ್ಕಿರಲಿಲ್ಲ. ಆದರೆ ಕೆರೆಯ ಖರ್ಚಿಗೆ ಕೆರೆಯೇ ದುಡಿಯುವ ಉಪಾಯಕ್ಕೆ ಬದಲಿ ಯಾರೂ ಹುಡುಕಲಿಲ್ಲ.

ಆಮೇಲೆ ಬಂದದ್ದು ಅರ್ಜಿಯ ಕಾಲ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಶುರುವಾಗಿ ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ಅನುದಾನ ಬರತೊಡಗಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಕೆರೆ ಯೋಜನೆ ಬಂತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು, ಊರಿನವರೂ ಖರ್ಚಿನಲ್ಲಿ ಪಾಲು ಹಾಕಬೇಕಿತ್ತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂದಿತು. ಅದೇ ಸಿಎಸ್‌ಆರ್. ತಮ್ಮ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೂ ಕಾಯ್ದೆಯಲ್ಲಿದೆ. ಇತ್ತ ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ತಿದ್ದುಪಡಿಯಾಗಿ ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದೂ ನಿಂತಿತು. ದೊಡ್ಡವರ ಮೂಲಕ ಹಳ್ಳಿಯ ಸಣ್ಣ ಸಂಘಕ್ಕೆ ಬರುತ್ತಿದ್ದ ದಾರಿ ಅಷ್ಟರ ಮಟ್ಟಿಗೆ ಮುಚ್ಚಿತು.

ಇಷ್ಟೆಲ್ಲ ಓದಿ ಊರಿಗೆ ಫೋನ್ ಮಾಡಿದೆ. ಸಂಘದ ಸಭೆಯಲ್ಲಿ ವಿಷಯ ಇಟ್ಟರು. ಹಿಂದೆ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದುದು ಹಿರಿಯರಿಗೆ ನೆನಪಿತ್ತು. ಅಚ್ಚುಕಟ್ಟಿನ ಪ್ರತಿ ಎಕರೆಯಿಂದ ಇಷ್ಟು ರಾಗಿ ಅಥವಾ ಅದರ ಬೆಲೆ ಅಂತ ತೀರ್ಮಾನ ಆಯಿತು. ಇಬ್ಬರು ಒಪ್ಪಲಿಲ್ಲ, ಜಗಳವೂ ಆಯಿತು. ಆದರೂ ಉಳಿದವರು ಸಹಿ ಹಾಕಿದರು.

ಅರ್ಜಿಯ ಕೊನೆಯ ಪ್ರಶ್ನೆಗೆ ಈಗ ಅದನ್ನೇ ಬರೆದು ಕಳಿಸಿದ್ದೇವೆ. ದುಡ್ಡು ಬರುತ್ತೋ ಬಿಡುತ್ತೋ, ನೀರುಗಂಟಿಗಂತೂ ಈ ಸುಗ್ಗಿಯಿಂದ ಕಾಳು ಸಿಗುತ್ತದೆ.

ನಿಮ್ಮೂರ ಕೆರೆ ಏರಿ ಮೇಲೂ ಒಂದು ಕಲ್ಲು ಇರಬಹುದು. ಮುಂದಿನ ಸಲ ಹೋದಾಗ ಒಮ್ಮೆ ನಿಂತು ನೋಡಿ.